ಹಾರ್ನ್ ಕೇಳಿದರೆ ಓಡುವ ಹುಡುಗ ಮತ್ತು ಇತರ ಪ್ರಶ್ನೆಗಳು

ಆಘಾತಕ್ಕೊಳಗಾದ ಮಕ್ಕಳ ಬಗ್ಗೆ ಶಾಲೆಗಳಿಂದ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ಹಿರಿಯೂರು ತಾಲ್ಲೂಕಿನಲ್ಲಿ ಹೈವೇ ಪಕ್ಕದ ಶಾಲೆ ನಮ್ಮದು. ಎಂಟನೇ ತರಗತಿಯ ಹುಡುಗನ ಕಣ್ಣೆದುರೇ ಲಾರಿ ಗುದ್ದಿ ಅವನ ತಂದೆ ತೀರಿಕೊಂಡರು. ಮೂರು ತಿಂಗಳಾಯಿತು. ಹಾರ್ನ್ ಕೇಳಿದರೆ ಎದ್ದು ಹೊರಗೆ ಓಡುತ್ತಾನೆ, ಇಲ್ಲದಿದ್ದರೆ ಡೆಸ್ಕಿಗೆ ತಲೆಯಿಟ್ಟು ಮಲಗುತ್ತಾನೆ. ತರಗತಿಯೆದುರು ಎಲ್ಲವನ್ನೂ ಹೇಳಿಸಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ಹೇಳಿಸಲೇ? – ಶಿಕ್ಷಕಿ

ಉತ್ತರ: ಖಂಡಿತ ಬೇಡ. ಈ ಸಲಹೆ ಕೊಟ್ಟವರನ್ನು ಅವನಿಂದ ಸ್ವಲ್ಪ ದೂರವಿಡಿ. ಹಾರ್ನ್ ಕೇಳಿದಾಗ ಅವನಿಗೆ ಅಪಘಾತ ನೆನಪಾಗುವುದಷ್ಟೇ ಅಲ್ಲ, ಅದು ಈಗಲೇ ನಡೆಯುತ್ತಿರುವಂತೆ ಮೈ ಎಚ್ಚೆತ್ತುಕೊಳ್ಳುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕಾಲು ತಾನಾಗಿ ಓಡುತ್ತದೆ. ಇಂಥ ಮಕ್ಕಳು ರಾತ್ರಿ ಸರಿಯಾಗಿ ನಿದ್ದೆ ಮಾಡುವುದಿಲ್ಲ, ಹಗಲು ತೂಕಡಿಸುತ್ತಾರೆ. ಇದರಲ್ಲಿ ಧಿಮಾಕೂ ಇಲ್ಲ, ಸೋಮಾರಿತನವೂ ಇಲ್ಲ. ಬೆತ್ತ ಎತ್ತುವ ಮೇಷ್ಟ್ರಿಗೆ ಮಕ್ಕಳನ್ನು ಹೊಡೆಯಬಾರದೆನ್ನುವ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಓದಲು ಹೇಳಿ.

ರಸ್ತೆ ಕಡೆಯ ಕಿಟಕಿಯಿಂದ ಅವನನ್ನು ಎಬ್ಬಿಸಿ, ಬೆನ್ನಿಗೆ ಗೋಡೆ, ಕಣ್ಣಿಗೆ ಬಾಗಿಲು ಸಿಗುವಂತೆ ಕೂರಿಸಿ. ಹಿಂದಿನಿಂದ ಬಂದು ಹೆಗಲು ಮುಟ್ಟಬೇಡಿ. ಎದೆ ಡವಗುಟ್ಟಿದರೆ ಯಾರನ್ನೂ ಕೇಳದೆ ನಲ್ಲಿಯವರೆಗೆ ಹೋಗಿ, ಮುಖ ತೊಳೆದು ಬರಬಹುದು ಎಂದು ಮೊದಲೇ ಮಾತಾಡಿಕೊಳ್ಳಿ. ನಲ್ಲಿ ದಾಟಿ ಗೇಟಿನತ್ತ ಹೋಗದಂತೆ ಒಬ್ಬರ ಕಣ್ಣಿರಲಿ, ಹೊರಗಿರುವುದು ಹೈವೇ. ‘ಏನಾಯ್ತಪ್ಪಾ’ ಎಂದು ಸ್ಟಾಫ್ ರೂಮಿನವರೆಲ್ಲ ಕೇಳುವುದು ಬೇಡ. ಅವನು ನಂಬುವ ಒಬ್ಬರು ಸಾಕು, ಬಹುಶಃ ನೀವೇ. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ. ಪ್ರಾರ್ಥನೆ ವೇಳೆ ಅವನನ್ನು ಮುಂದೆ ನಿಲ್ಲಿಸಿ, ಕವರು ಕೊಟ್ಟು ಫೋಟೊ ತೆಗೆಸಿಕೊಳ್ಳುವ ದಾನಿಗಳು ಬಂದರೆ, ಕವರು ತಾಯಿಗೆ ತಲುಪಿಸಿ, ದಾನಿಗಳಿಗೆ ಟೀ ಕುಡಿಸಿ ಕಳಿಸಿ.

ಮೊದಲ ತಿಂಗಳಾಗಿದ್ದರೆ ಕಾದು ನೋಡಿ ಎನ್ನುತ್ತಿದ್ದೆ. ಮೂರು ತಿಂಗಳು ಕಳೆದಿದೆ. ತಾಯಿಯ ಜೊತೆ ಚಿತ್ರದುರ್ಗ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕಳಿಸಿ. ಅಷ್ಟರೊಳಗೆ ಏನಾದರೂ ಕೇಳಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಚಿಕಿತ್ಸೆಯಲ್ಲೂ ಘಟನೆಯ ಮಾತು ಬರುತ್ತದೆ. ಆದರೆ ಅದು ಮೈ ಸಂಭಾಳಿಸಿಕೊಳ್ಳುವುದನ್ನು ಕಲಿಸಿದ ಮೇಲೆ, ಹಂತ ಹಂತವಾಗಿ, ತರಬೇತಿ ಪಡೆದವರ ಎದುರು. ನಲವತ್ತು ಹುಡುಗರ ಎದುರಲ್ಲ.

ಪ್ರಶ್ನೆ: ಹೆದರಿಕೆಗೆ ತಾಯತ ಕಟ್ಟಿಸಬಹುದೇ?

ಉತ್ತರ: ಕಟ್ಟಿಸಿ, ನನ್ನ ತಕರಾರಿಲ್ಲ. ಬೇವಿನ ಸೊಪ್ಪಲ್ಲಿ ಹೊಡೆದು, ಮೆಣಸಿನಕಾಯಿ ಹೊಗೆ ಹಾಕುವವರ ಮನೆಗೆ ಮಾತ್ರ ಕಾಲಿಡಬೇಡಿ.

ಪ್ರಶ್ನೆ: ದಾವಣಗೆರೆಯಲ್ಲಿ ಒಬ್ಬರು ಹಿಪ್ನಾಟಿಸಂ ಮಾಡಿ ಒಂದೇ ಸಿಟ್ಟಿಂಗಿಗೆ ಕೆಟ್ಟ ನೆನಪು ಅಳಿಸುತ್ತಾರಂತೆ.

ಉತ್ತರ: ನೆನಪು ಅಳಿಸುವ ವಿದ್ಯೆ ಯಾರಿಗೂ ಬಂದಿಲ್ಲ. ದುಡ್ಡು ಉಳಿಸಿಕೊಳ್ಳಿ.

ಪ್ರಶ್ನೆ: ನಿದ್ದೆಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ಕೊಡಲೇ?

ಉತ್ತರ: ಮಕ್ಕಳಿಗಾ? ಬೇಡ.

ಪ್ರಶ್ನೆ: ಸಂಬಂಧಿಕನೊಬ್ಬ ಮೈಮುಟ್ಟಿ ಹಿಂಸಿಸಿದ ಎಂದು ವಿದ್ಯಾರ್ಥಿನಿ ಹೇಳಿದಳು. ಮರ್ಯಾದೆ ಪ್ರಶ್ನೆ, ಹಿರಿಯರನ್ನು ಕೂರಿಸಿ ತೀರ್ಮಾನ ಮಾಡೋಣವೆಂದು ಹೆಡ್‌ಮಾಸ್ಟರ್ ಹೇಳುತ್ತಾರೆ.

ಉತ್ತರ: ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಹೆಡ್‌ಮಾಸ್ಟರೂ ಶಿಕ್ಷೆಗೆ ಗುರಿ. ಪಂಚಾಯ್ತಿಗೆ ಇದರಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಿ. ‘ನೀನು ಹೇಳಿದ್ದು ಒಳ್ಳೆಯದಾಯಿತು’ ಎಂದು ಅವಳಿಗೆ ಇವತ್ತೇ ಹೇಳಿ. ಅವಳ ಹೆಸರು ಸ್ಟಾಫ್ ರೂಮಿನಲ್ಲಿ ಯಾರ ಬಾಯಲ್ಲೂ ಬರಕೂಡದು.