ಫ್ರೇಮ್‌ಗಳನ್ನು ಉಳಿಸಿಕೊಳ್ಳಬೇಕೇ?

ಪ್ರಶ್ನೆ: ನಮ್ಮ ಹಳೆಯ ಜಾಲತಾಣವನ್ನು ಫ್ರೇಮ್‌ಗಳಲ್ಲಿ (ಬ್ರೌಸರ್ ಕಿಟಕಿಯನ್ನು ಭಾಗ ಮಾಡಿ, ಒಂದೊಂದು ಭಾಗದಲ್ಲೂ ಬೇರೆ ಬೇರೆ ಪುಟ ತೋರಿಸುವ ವಿಧಾನ) ಕಟ್ಟಲಾಗಿದೆ, ಎಡಗಡೆ ವಿಷಯಸೂಚಿ, ಬಲಗಡೆ ಬರಹ. ಇದನ್ನು ಹಾಗೆಯೇ ಮುಂದುವರಿಸಬಹುದೇ?

ಉತ್ತರ: ಮುಂದುವರಿಸದಿರುವುದೇ ಒಳ್ಳೆಯದು. 1990ರ ದಶಕದಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ 2.0 ಎಂಬ ಬ್ರೌಸರ್ ಫ್ರೇಮ್‌ಗಳನ್ನು ತಂದಾಗ ಅದಕ್ಕೆ ತಕ್ಕ ಕಾರಣವಿತ್ತು: ಅಂತರ್ಜಾಲ ಸಂಪರ್ಕ ತೀರಾ ನಿಧಾನವಾಗಿದ್ದ ಆ ದಿನಗಳಲ್ಲಿ ಸೂಚಿ ಒಮ್ಮೆ ಬಂದರೆ ಅಲ್ಲೇ ನಿಲ್ಲುತ್ತಿತ್ತು, ಬರಹವಷ್ಟೇ ಬದಲಾಗುತ್ತಿತ್ತು, ಸೂಚಿಯನ್ನು ತಿದ್ದುವುದಕ್ಕೂ ಒಂದೇ ಕಡತ ಸಾಕಾಗುತ್ತಿತ್ತು. ಆದರೆ ಓದುಗರು ಹತ್ತನೆಯ ಲೇಖನವನ್ನು ತೆರೆದಾಗಲೂ ಬ್ರೌಸರ್‌ನ ಮೇಲ್ಭಾಗದಲ್ಲಿ ಮುಖಪುಟದ ವಿಳಾಸವೇ ಕಾಣುವುದರಿಂದ, ಅದನ್ನು ಸ್ನೇಹಿತರಿಗೆ ಕಳುಹಿಸಿದರೆ ಅವರು ತಲುಪುವುದು ಮುಖಪುಟವನ್ನೇ ಹೊರತು ಆ ಲೇಖನವನ್ನಲ್ಲ. ಗೂಗಲ್‌ನಲ್ಲಿ ಹುಡುಕಿ ಬಂದವರ ಪಾಡು ಇದಕ್ಕೆ ತದ್ವಿರುದ್ಧ: ಬರಹ ಮಾತ್ರ ಸಿಗುತ್ತದೆ, ಪಕ್ಕದಲ್ಲಿ ಸೂಚಿಯೇ ಇರುವುದಿಲ್ಲ, ಉಳಿದ ಪುಟಗಳಿಗೆ ಹೋಗಲು ದಾರಿಯಿಲ್ಲ. ನನ್ನ ಮಟ್ಟಿಗೆ ಫ್ರೇಮ್‌ಗಳನ್ನು ಬಿಡಲು ಈ ದೋಷವೊಂದೇ ಸಾಕು. ಮೊಬೈಲ್ ಪರದೆಯಲ್ಲಂತೂ ಎರಡೂ ಭಾಗಗಳು ಕಿರಿದಾಗಿ ಓದುವುದೇ ಕಷ್ಟ. ಜಾಲಪುಟಗಳನ್ನು ಬರೆಯುವ ಭಾಷೆಯ 2014ರ ಮಾನದಂಡವಾದ ಎಚ್‌ಟಿಎಂಎಲ್5, ಕಿಟಕಿಯನ್ನು ಹೀಗೆ ಫ್ರೇಮ್‌ಗಳಾಗಿ ಭಾಗ ಮಾಡುವ ಫ್ರೇಮ್‌ಸೆಟ್ಟನ್ನು ಕೈಬಿಟ್ಟಿದೆ. ಸೂಚಿಯನ್ನು ಒಂದೆಡೆ ನಿಲ್ಲಿಸುವ ಕೆಲಸವನ್ನು ಈಗ ಪುಟದ ವಿನ್ಯಾಸವನ್ನು ಹೇಳುವ ಭಾಷೆಯಾದ ಸಿಎಸ್‌ಎಸ್ ಮಾಡುತ್ತದೆ. ನಕ್ಷೆ, ವಿಡಿಯೊಗಳನ್ನು ಪುಟದೊಳಗೆ ಕೂರಿಸುವ ಐಫ್ರೇಮ್ ಮಾತ್ರ ಇನ್ನೂ ಮಾನದಂಡದಲ್ಲಿದೆ. ಅದನ್ನು ಬಳಸಲು ಅಡ್ಡಿಯಿಲ್ಲ.