ಬಾಗಿಲು ತೆಗೆಯದ ತಾಯಿ

(ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.)

ಆ ತಾಯಿಯ ಮಗುವಿಗೆ 20 ತಿಂಗಳು. ಗಂಡನ ಜೊತೆ ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಕೂತ ಕೂಡಲೇ ಕೇಳಿದ್ದು ಒಂದೇ: "ಮನೆಗೆ ಬರೋ ಆರೋಗ್ಯ ಕಾರ್ಯಕರ್ತೆ ಇನ್ನು ಬರೋದು ಬೇಡ ಅಂತ ಬರೆದುಕೊಡ್ತೀರಾ, ಮೇಡಂ?"

ಹಿಂದೊಮ್ಮೆ ಕಾರ್ಯಕರ್ತೆ ಮಗುವಿನ ಬೆಳವಣಿಗೆಯ ಕಾರ್ಡಿನಲ್ಲಿ ಏನೋ ಗುರುತು ಹಾಕಿ, "ಇಷ್ಟು ಹೊತ್ತಿಗೆ ಇನ್ನೂ ಜಾಸ್ತಿ ಮಾತು ಬರಬೇಕಿತ್ತು, ನೀವು ಮಾತಾಡಿಸಲ್ವಾ?" ಅಂದಿದ್ದರಂತೆ. ಆಮೇಲೆ ಎರಡು ಸಲ ಇವರು ಬಾಗಿಲು ತೆಗೆಯಲಿಲ್ಲ. ಎರಡನೇ ಸಲ ಬೆಲ್ ಕೇಳಿ ಮಗು "ಬಾ, ಬಾ" ಅನ್ನುತ್ತಾ ಬಾಗಿಲ ಕಡೆ ಓಡಿತು. ಇವರು ಓಡಿಹೋಗಿ ಎತ್ತಿಕೊಂಡು ಅದರ ಬಾಯಿಯ ಮೇಲೆ ಕೈ ಇಟ್ಟರು. ಇದನ್ನು ಹೇಳುವಾಗ ತಮ್ಮ ಅಂಗೈಯನ್ನೇ ನೋಡುತ್ತಿದ್ದರು. "ಮಾತು ಬರ್ತಿಲ್ಲ ಅಂತ ಅಳೋಳೂ ನಾನೇ, ಬಾಯಿ ಮುಚ್ಚಿಸಿದೋಳೂ ನಾನೇ."

ಮಗುವಿನ ವಿಷಯ ಸ್ವಲ್ಪ ಬದಿಗಿಟ್ಟು, ನಿಮಗೆ ನಿದ್ದೆ ಹೇಗೆ ಬರ್ತಿದೆ ಅಂತ ಕೇಳಿದೆ. ಮಗು ಮಲಗಿದ್ದರೂ ರಾತ್ರಿ ಮೂರಕ್ಕೇ ಎಚ್ಚರವಾಗುತ್ತಿತ್ತು. ಊಟ ಸೇರುತ್ತಿರಲಿಲ್ಲ. ಗಂಡನಿಗೆ ಇದು ಗೊತ್ತೇ ಇರಲಿಲ್ಲ. ಎಡಿನ್‌ಬರೋ ಪ್ರಶ್ನಾವಳಿ ಕೊಟ್ಟೆ. ಹೆರಿಗೆಯಾದ ತಾಯಂದಿರಲ್ಲಿ ಖಿನ್ನತೆಯ ಸುಳಿವು ಇದೆಯಾ ಅಂತ ನೋಡಲು 1987ರಲ್ಲಿ ಬಂದ, ಹಿಂದಿನ 7 ದಿನ ಮನಸ್ಸು ಹೇಗಿತ್ತು ಅಂತ ಕೇಳುವ 10 ಪ್ರಶ್ನೆಗಳವು. ಅಂಕ ಜಾಸ್ತಿ ಬಂತು. ತನಗೇ ಹಾನಿ ಮಾಡಿಕೊಳ್ಳುವ ಯೋಚನೆ ಇಲ್ಲ ಅಂದರು. ಅದನ್ನು ಮತ್ತೊಮ್ಮೆ ಬಾಯಿಬಿಟ್ಟೇ ಕೇಳಿ ಖಚಿತ ಮಾಡಿಕೊಂಡೆ. ಅಂಕ ನೋಡಿ ಕಾಯಿಲೆ ಅಂತ ಹೇಳೋಕಾಗಲ್ಲ. ಅದಕ್ಕೇ ಅದೇ ವಾರ ಮನೋವೈದ್ಯರನ್ನು ಕಾಣಲು ಹೇಳಿದೆ.

ಆಮೇಲೆ ಜಮೈಕಾದ ವಿಷಯ ಹೇಳಿದೆ. 1980ರ ದಶಕದಲ್ಲಿ ಅಲ್ಲಿ ಸಂಶೋಧಕಿ ಸ್ಯಾಲಿ ಗ್ರಾಂಥಮ್-ಮೆಗ್ರೆಗರ್ ಮತ್ತು ಅವರ ತಂಡ, ಬೆಳವಣಿಗೆ ಕುಂಠಿತವಾಗಿದ್ದ 129 ಪುಟ್ಟ ಮಕ್ಕಳ ಮೇಲೆ ಅಧ್ಯಯನ ಶುರುಮಾಡಿತು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ, ಒಂದು ಗಂಟೆ, ಎರಡು ವರ್ಷ ಹೋದರು. ಮನೆಯಲ್ಲಿ ಬಿಸಾಡುವ ಡಬ್ಬ, ಬಾಟಲಿಗಳಿಂದಲೇ ಆಟಿಕೆ ಮಾಡಿಕೊಂಡು ತಾಯಿ-ಮಗುವಿನ ಜೊತೆ ಆಡಿದರು. 20 ವರ್ಷದ ನಂತರ ನೋಡಿದರೆ, ಹಾಗೆ ಆಡಿಸಿಕೊಂಡವರ ಗಳಿಕೆ ಉಳಿದವರಿಗಿಂತ ಸುಮಾರು ಶೇ. 25ರಷ್ಟು ಜಾಸ್ತಿ ಇತ್ತು. ಆ ಒಂದು ಗಂಟೆ ತಾಯಿಗೆ ಜೊತೆಯಾಗೋಕೆ ಇದ್ದದ್ದು, ಅವಳ ತಪ್ಪು ಹುಡುಕೋಕಲ್ಲ. ನಿಮ್ಮ ಮನೆಗೆ ಬಂದವರು ಆಡಿದ ಮಾತು ತಪ್ಪೇ. ಆದರೆ ಅವರು ಬರೋದನ್ನೇ ನಿಲ್ಲಿಸಿದರೆ ಆ ಜೊತೆ ತಪ್ಪಿಹೋಗುತ್ತೆ, ಅಲ್ವಾ?

ಕಾರ್ಡಿನ ಗುರುತನ್ನು ಸುಮ್ನೆ ತಳ್ಳಿಹಾಕಬೇಡಿ ಅಂತಲೂ ಹೇಳಿದೆ. ಮಗು ಆರೇಳು ಪದ ಹೇಳುತ್ತಿತ್ತು, ಬೆರಳು ತೋರಿಸುತ್ತಿತ್ತು. ಇದು ಒಳ್ಳೆಯದು. ಆದರೂ ಮಾತು ತಡವಾಗಿದೆ ಅನ್ನಿಸಿದರೆ ಮೊದಲು ಕಿವಿ ಪರೀಕ್ಷೆ ಆಗಲೇಬೇಕು. 'ಗಂಡುಮಕ್ಕಳಿಗೆ ಮಾತು ತಡ' ಅಂತ ಕಾಯುತ್ತಾ ಕೂರುವುದು ನನಗೆ ಒಪ್ಪಿಗೆಯಿಲ್ಲ. ಎರಡು ವರ್ಷದ ಹೊತ್ತಿಗೆ ಎರಡು ಪದ ಜೋಡಿಸದಿದ್ದರೆ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ ಅಂದೆ.

ಮನೆಯಲ್ಲಿ ಮಾಡಲು ಒಂದೇ ಕೆಲಸ ಕೊಟ್ಟೆ. ಸ್ನಾನ ಮಾಡಿಸುವಾಗ "ನೀರು ಬಂತು" ಅನ್ನಿ, ಆಮೇಲೆ ಮನಸ್ಸಲ್ಲೇ ಐದು ಎಣಿಸಿ. ಮಗು ನೋಡಿದರೂ, ಕೈ ಆಡಿಸಿದರೂ ಅದು ಉತ್ತರವೇ. ಅದಕ್ಕೆ ನೀವು ಮತ್ತೆ ಮಾತಲ್ಲೇ ಉತ್ತರ ಕೊಡಿ. ಗಂಡನಿಗೆ, ಮುಂದಿನ ಭೇಟಿಯ ದಿನ ನೀವೂ ಮನೆಯಲ್ಲಿರಿ ಅಂದೆ. "ಆ ಹೊತ್ತಿಗೆ ಕೆಲಸದಲ್ಲಿರ್ತೀನಿ" ಅಂದರು. ಕಾರ್ಯಕರ್ತೆಗೆ ಫೋನ್ ಮಾಡಿ ಹೊತ್ತು ಬದಲಿಸಿಕೊಳ್ಳಿ ಅಂದೆ. ರಾತ್ರಿ ಒಂದು ಪಾಳಿ ಮಗುವನ್ನು ನೋಡಿಕೊಳ್ಳಲು ಅವರೇ ಒಪ್ಪಿದರು.

ಆರು ವಾರದ ನಂತರ ಮತ್ತೆ ಬಂದರು. ಕಿವಿ ಸರಿಯಿದೆ. ವೈದ್ಯರ ಚಿಕಿತ್ಸೆ ನಡೆಯುತ್ತಿದೆ, ಬೆಳಗಿನ ಐದರವರೆಗೆ ನಿದ್ದೆ ಬರುತ್ತಿದೆ. "ಅವತ್ತು ನೀವು ಅಂದ ಮಾತಿಗೆ ನನಗೆ ತುಂಬಾ ನೋವಾಯ್ತು" ಅಂತ ಕಾರ್ಯಕರ್ತೆಗೆ ನೇರವಾಗಿ ಹೇಳಿದ್ದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾರ್ಡು ಬ್ಯಾಗಿಗೆ ಹಾಕಿ, ನೆಲದ ಮೇಲೆ ಕೂತರಂತೆ. ಮಗು ಖಾಲಿ ಡಬ್ಬ ತಂದು ಆಕೆಯ ಮಡಿಲಲ್ಲಿ ಇಟ್ಟಿತಂತೆ.