ನನ್ನ ಓಟು 2016ರ ತಂಡಕ್ಕ

ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿಯ ಯಾವ ತಂಡ ದೊಡ್ಡದು, 2016ರದೋ 2019ರದೋ ಅಂತ ಕೇಳೀರಿ. 2019ರಾಗ ಗೋವಾ ವಿರುದ್ಧ ಹೆಚ್ಚುವರಿ ವೇಳ್ಯಾಗ ರಾಹುಲ್ ಭೇಕೆ ಹೆಡ್ಡರ್ ಹೊಡೆದು ದೇಶದ ಲೀಗ್ ಐಎಸ್‌ಎಲ್ ಕಪ್ ತಂದ, ಖರೆ. ಆದ್ರ 2016ರ ಎಎಫ್‌ಸಿ ಕಪ್, ಅಂದ್ರ ಏಷ್ಯಾದ ಕ್ಲಬ್‌ಗಳ ಟೂರ್ನಿ, ಅದರ ಸೆಮಿಫೈನಲ್ ನೋಡ್ರಿ. ಎದುರಿಗೆ ಹಾಲಿ ಚಾಂಪಿಯನ್, ಮಲೇಷ್ಯಾದ ಜೋಹರ್. ಕಂಠೀರವದಾಗ ಮೊದಲ ಗೋಲ್ ಅವರದೇ. ಆಮ್ಯಾಲ ಛೆಟ್ರಿ ಎರಡು, ಹುವಾನನ್ ಒಂದು, 3-1! ಭಾರತದ ಕ್ಲಬ್ ಒಂದು ಆ ಫೈನಲ್ ಮುಟ್ಟಿದ್ದು ಅದೇ ಮೊದಲು. ದೋಹಾದಾಗ ನಡೆದ ಫೈನಲ್‌ನ್ಯಾಗ ಇರಾಕಿನ ಕ್ಲಬ್‌ಗೆ 1-0 ಸೋತ್ರು. ಖಾಯಂ ಗೋಲ್‌ಕೀಪರ್ ಅಮರಿಂದರ್ ಅಮಾನತಾಗಿದ್ದ. ಬದಲಿಗೆ ನಿಂತ ರಾಲ್ಟೆ ಎಷ್ಟು ಚೆಂಡು ತಡೆದ! ಕಲಬುರಗಿ ಸೂಪರ್ ಮಾರ್ಕೆಟ್ ಹತ್ರದ ಚಹಾ ಅಂಗಡ್ಯಾಗ ನಾವು ಮೂವರೇ ಮೊಬೈಲ್‌ನ್ಯಾಗ ನೋಡಿದ್ವಿ. ಚಹಾದವ ‘ಯಾರ್ ಗೆದ್ರು?’ ಅಂದ. ಒಬ್ಬರೂ ಬಾಯಿ ಬಿಡಲಿಲ್ಲ.